ಅರಮನೆಯಿಂದ ಗ್ರಾಮಸಭೆಗೆ: ಎಂ.ವೈ. ಘೋರ್ಪಡೆ

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಭಾಗದ ಒಬ್ಬ ಜನನಾಯಕರ ಬಗ್ಗೆ ಬರೆಯಿರಿ ಎಂದು ಸಮಿತಿಯವರು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಹಿರಿಯರಿಗೆ ಎಂ.ವೈ. ಘೋರ್ಪಡೆಯವರನ್ನು ಪರಿಚಯಿಸಬೇಕಾಗಿಲ್ಲ. ಆದರೆ ಈಗ ನಮ್ಮ ಶಾಲೆಯ ಎಂಟನೇ ತರಗತಿಯಲ್ಲಿ ಕೂತಿರುವ ಮಕ್ಕಳು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಬಹಳ ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನಾನು, ಮುಖ್ಯವಾಗಿ ಆ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮುರಾರಿರಾವ್ ಯಶವಂತರಾವ್ ಘೋರ್ಪಡೆ ಹುಟ್ಟಿದ್ದು 1931ರಲ್ಲಿ, ಸಂಡೂರಿನ ರಾಜಮನೆತನದಲ್ಲಿ. ಸುತ್ತಲೂ ಬೆಟ್ಟ, ನಡುವೆ ಕಣಿವೆ. ಅಷ್ಟೇ ಆ ಸಂಸ್ಥಾನ. ಚಿಕ್ಕದಾದರೂ ಅದರ ಹೆಸರು ದೊಡ್ಡದು. ತಂದೆ ಯಶವಂತರಾವ್ ಘೋರ್ಪಡೆಯವರು 1932ರಲ್ಲೇ ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಹೊರಟದ್ದು ಇದಾದ ನಾಲ್ಕು ವರ್ಷದ ಮೇಲೆ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು.

1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತಕ್ಕೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಹೀಗೆ ರಾಜ್ಯ ಹೋದ ಮನೆಯ ಹುಡುಗ ಕೇಂಬ್ರಿಡ್ಜ್‌ನಲ್ಲಿ ಅರ್ಥಶಾಸ್ತ್ರ ಓದಿ ಊರಿಗೆ ಮರಳಿದರು. 1959ರ ಉಪಚುನಾವಣೆಯಲ್ಲಿ ಸಂಡೂರಿನಿಂದ ಗೆದ್ದು ಶಾಸಕರಾದರು. ಅಪ್ಪ ಆಳಿದ ಊರಿನಲ್ಲಿ ಮಗ ಮನೆಮನೆಗೆ ಹೋಗಿ ಓಟು ಕೇಳುವ ಕಾಲ ಅದು. ಒಟ್ಟು ಏಳು ಬಾರಿ ಅವರು ಅಲ್ಲಿಂದ ವಿಧಾನಸಭೆಗೆ ಹೋದರು.

1972ರಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದರು. ನಮ್ಮ ಶಾಲೆ ಶುರುವಾದ ಕಾಲಕ್ಕೆ ರಾಜ್ಯದ ಖಜಾನೆಯ ಲೆಕ್ಕ ಇಟ್ಟವರು ಇವರೇ.

ಅದೇ ಅವಧಿಯಲ್ಲಿ ಅವರ ಸ್ವಂತ ಊರು ಅವರ ಮನೆತನವನ್ನೇ ಪ್ರಶ್ನಿಸಿತು. 1973ರ ಸಂಡೂರು ಭೂಹೋರಾಟದ ಕಥೆ ಈ ಭಾಗದಲ್ಲಿ ಕೇಳದವರಿಲ್ಲ. ಉಳುವ ಜಮೀನು ನಮ್ಮದಾಗಬೇಕು ಎಂದು ರೈತರು ಬೀದಿಗಿಳಿದರು. ಯು. ಭೂಪತಿ ಮೊದಲಾದ ಸಮಾಜವಾದಿಗಳು ಅವರ ಜೊತೆ ನಿಂತರು. ಹೊರಗಿನಿಂದಲೂ ಜನ ಬಂದು ಸತ್ಯಾಗ್ರಹ ಮಾಡಿ ಬಂಧನಕ್ಕೊಳಗಾದರು. ಮರುವರ್ಷ, 1974ರ ಮಾರ್ಚ್ 1ರಿಂದ, ಉಳುವವನೇ ಹೊಲದೊಡೆಯ ಎನ್ನುವ ತಿದ್ದುಪಡಿ ಕಾಯ್ದೆ ಜಾರಿಯಾಯಿತು. ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯಮಂಡಳಿ ಮುಂದೆ ಸಾಲುಗಟ್ಟಿದರು. ಆ ಕಾಯ್ದೆ ತಂದ ಸಂಪುಟದಲ್ಲಿ ಸಂಡೂರಿನ ರಾಜಪುತ್ರರೂ ಮಂತ್ರಿ. ಒಂದು ಕಡೆ ಮನೆತನ, ಇನ್ನೊಂದು ಕಡೆ ತಾವೇ ಇದ್ದ ಸರ್ಕಾರದ ಕಾನೂನು. ಘೋರ್ಪಡೆಯವರನ್ನು ಹೊಗಳುವವರು ಈ ಅಧ್ಯಾಯವನ್ನು ಬಿಟ್ಟುಬಿಡುತ್ತಾರೆ. ತೆಗಳುವವರು ಇದೊಂದನ್ನೇ ಹೇಳುತ್ತಾರೆ. ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

1972ರ ಗೆಲುವಿನ ನಂತರ ಅವರು ಸಂಡೂರಿನಿಂದ ಮತ್ತೆ ಗೆದ್ದದ್ದು 1989ರಲ್ಲಿ. ನಡುವೆ ರಾಯಚೂರಿನಿಂದ ಲೋಕಸಭೆಗೂ ಹೋಗಿಬಂದರು. ಕಾಡು ಅಲೆದು, ಗಂಟೆಗಟ್ಟಲೆ ಕಾದು ಕೂತು ಆನೆ, ಹುಲಿಗಳ ಚಿತ್ರ ತೆಗೆಯುವ ಹವ್ಯಾಸ ಅವರಿಗಿತ್ತು. ವನ್ಯಜೀವಿ ಛಾಯಾಗ್ರಾಹಕರಾಗಿ ಹೊರದೇಶಗಳಲ್ಲೂ ಹೆಸರು ಮಾಡಿದರು.

ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಇದಾದ ಮೇಲಿನದು. 1990ರ ದಶಕದ ಆರಂಭದಲ್ಲಿ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಮೂರು ವಾರ ಕಳೆಯುವ ಮುನ್ನ, ಮೇ 10ರಂದು, ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮ ಜಾರಿಯಾಗಿತ್ತು. ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಮಂಡಲ ಪಂಚಾಯಿತಿಯ ಜಾಗದಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳು ಬಂದವು. ಐದರಿಂದ ಏಳು ಸಾವಿರ ಜನಕ್ಕೊಂದು ಗ್ರಾಮ ಪಂಚಾಯಿತಿ. ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ. ಆಮೇಲೆ ಅದು ಅರ್ಧಕ್ಕೇರಿತು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದವರಿಗೂ ಮೀಸಲು. 1999ರಿಂದ ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಮತ್ತೆ ಅದೇ ಖಾತೆ ಹಿಡಿದು, ಗ್ರಾಮಸಭೆಗೆ ಬಲ ಕೊಡಲು ದುಡಿದರು.

ಇದರ ಅರ್ಥ ನಮ್ಮ ಕಣ್ಣೆದುರೇ ಇದೆ. ಜಗತ್ತೇ ನೋಡಲು ಬರುವ ಹಂಪಿಯಲ್ಲೂ ಕುಡಿಯುವ ನೀರು, ಬೀದಿದೀಪದ ಮಾತು ಬಂದರೆ ಜನ ಹೋಗುವುದು ಗ್ರಾಮ ಪಂಚಾಯಿತಿಗೆ. ಕಂಪ್ಲಿ ಕಡೆಯ ಭತ್ತದ ಊರಾಗಲಿ, ಸಂಡೂರಿನ ತಾಂಡಾಗಳಾಗಲಿ, ಹಿಂದೆ ಚಾವಡಿ ಕಟ್ಟೆ ಹತ್ತದಿದ್ದ ಮನೆಗಳ ಹೆಣ್ಣುಮಕ್ಕಳು ಇಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂರಬಲ್ಲರು. ನಮ್ಮ ಶಾಲೆಯಲ್ಲಿ ಕಲಿತ ಹುಡುಗಿಯರಿಗೂ ಆ ಬಾಗಿಲು ತೆರೆದಿದೆ. ನಾನು ತರಗತಿಯಲ್ಲಿ ಮೂರು ಹಂತದ ವ್ಯವಸ್ಥೆ ಪಾಠ ಮಾಡುವಾಗ, ಇದನ್ನು ರೂಪಿಸಿದ ಮಂತ್ರಿ ಪಕ್ಕದ ತಾಲ್ಲೂಕಿನವರು ಎಂದರೆ ಮಕ್ಕಳು ನೆಟ್ಟಗೆ ಕೂರುತ್ತಿದ್ದರು.

ಅಧಿಕಾರ ಹಳ್ಳಿಗೆ ಬಂತು ನಿಜ. ಆದರೆ ಸಂಡೂರಿನ ನಿಜವಾದ ಸಂಪತ್ತು ಬೆಟ್ಟದ ಅದಿರು. ಘೋರ್ಪಡೆ ಮನೆತನದ ಕಂಪನಿಯೇ 1954ರಿಂದ ಅಲ್ಲಿ ಗಣಿಗಾರಿಕೆ ಮಾಡುತ್ತಿದೆ. 2000ದ ನಂತರ ಅದಿರಿನ ಬೆಲೆ ಏರಿದಾಗ ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು, ಮರದೆಲೆಗಳ ಮೇಲೆ ಕೆಂಪು ದೂಳು. ಯಾವ ಬೆಟ್ಟ ಅಗೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಯಾವ ಗ್ರಾಮಸಭೆಯ ಕೈಯಲ್ಲೂ ಇರಲಿಲ್ಲ. ಕೊನೆಗೆ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ್ದು ಸುಪ್ರೀಂ ಕೋರ್ಟು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಘೋರ್ಪಡೆಯವರು ನಿಧನರಾದರು.

ಅವರು ಅಷ್ಟು ವರ್ಷ ಪ್ರತಿನಿಧಿಸಿದ ಸಂಡೂರು 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ದೊರೆಗಳ ಊರಿನ ಶಾಸಕ ಸ್ಥಾನ ಈಗ ವಾಲ್ಮೀಕಿ ಕೇರಿಯ ಮಕ್ಕಳಿಗೂ ಎಟಕುತ್ತದೆ. ಗ್ರಾಮಸಭೆಯ ದಿನ ಡಂಗುರ ಸಾರಿದರೂ ಹೋಗದೆ ಮನೆಯಲ್ಲೇ ಕೂರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ: ಮುಂದಿನ ಸಲ ಹೋಗಿ ಬನ್ನಿ. ಘೋರ್ಪಡೆಯವರು ಬಿಟ್ಟುಹೋದ ಆಸ್ತಿಯಲ್ಲಿ ನಮ್ಮೆಲ್ಲರಿಗೂ ಪಾಲಿರುವುದು ಅದೊಂದರಲ್ಲೇ.