ಕಡಲೆಕಾಯಿ ಎಣ್ಣೆ ಮತ್ತು ರುಡಾಲ್ಫ್ ಡೀಸೆಲ್

ಭಾರತದಲ್ಲಿ 2015ರಿಂದ ಆಗಸ್ಟ್ 10ರಂದು ವಿಶ್ವ ಜೈವಿಕ ಇಂಧನ ದಿನ ಆಚರಿಸಲಾಗುತ್ತಿದೆ. 1893ರ ಅದೇ ದಿನ ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ ತನ್ನ ಯಂತ್ರವನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿದ ಎಂದು ಸರ್ಕಾರಿ ಪ್ರಕಟಣೆಗಳಲ್ಲಿಯೂ ಬರೆಯುವುದುಂಟು. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ ಹಳೆಯ ಡೀಸೆಲ್ ಕಾರಿಗೆ ಸುರಿಯುವ ಹವ್ಯಾಸಿಗಳಂತೂ ಜಗತ್ತಿನಾದ್ಯಂತ ಆತನನ್ನು ತಮ್ಮ ಕುಲಗುರುವೆಂದೇ ಭಾವಿಸಿದ್ದಾರೆ. ದಿನವೇನೋ ಸರಿ, ಆದರೆ ಅಂದು ಅಲ್ಲಿ ಕಡಲೆಕಾಯಿ ಎಣ್ಣೆ ಇರಲಿಲ್ಲ. ಯಂತ್ರವೂ ತಾನಾಗಿ ಓಡಲಿಲ್ಲ.

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಥಿಯೊಡೋರ್ ಬವೇರಿಯಾದ ಔಗ್ಸ್‌ಬರ್ಗ್ ಮೂಲದವರು. ಪುಸ್ತಕಗಳಿಗೆ ರಟ್ಟು ಕಟ್ಟುವುದು, ಚರ್ಮದ ಸಾಮಾನು ತಯಾರಿಸುವುದು ಅವರ ಕಸುಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿದಾಗ ಜರ್ಮನ್ನರು ಪ್ಯಾರಿಸ್ ತೊರೆಯಬೇಕಾಯಿತು. ಕುಟುಂಬ ಲಂಡನ್ನಿಗೆ ಹೋಯಿತು. ಹನ್ನೆರಡರ ಹುಡುಗನನ್ನು ಔಗ್ಸ್‌ಬರ್ಗ್‌ನಲ್ಲಿ ಗಣಿತ ಕಲಿಸುತ್ತಿದ್ದ ಬಂಧುವಿನ ಮನೆಗೆ ಕಳುಹಿಸಲಾಯಿತು. ಅಲ್ಲಿಯೇ ಆತ ಎಂಜಿನಿಯರ್ ಆಗುವ ನಿಶ್ಚಯ ಮಾಡಿದ. ಮುಂದೆ ವಿದ್ಯಾರ್ಥಿವೇತನದ ಬಲದಿಂದ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿ, 1880ರಲ್ಲಿ ಅತ್ಯುನ್ನತ ಅಂಕಗಳೊಂದಿಗೆ ಹೊರಬಂದ.

ಮ್ಯೂನಿಕ್‌ನಲ್ಲಿ ಆತನಿಗೆ ಪಾಠ ಹೇಳಿದವರು ಶೈತ್ಯೀಕರಣ ಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ. ಕಲ್ಲಿದ್ದಲಿನಲ್ಲಿ ಅಡಗಿದ ಶಾಖದ ಶೇ. 6ರಿಂದ 10ರಷ್ಟನ್ನು ಮಾತ್ರ ಉಗಿಯಂತ್ರ ದುಡಿಮೆಯಾಗಿ ಪರಿವರ್ತಿಸುತ್ತದೆ, ಮಿಕ್ಕದ್ದೆಲ್ಲ ವ್ಯರ್ಥ ಎಂದು ಅವರು ತರಗತಿಯಲ್ಲಿ ವಿವರಿಸಿದ್ದು ಈ ವಿದ್ಯಾರ್ಥಿಯ ತಲೆಯಲ್ಲಿ ಕುಳಿತುಬಿಟ್ಟಿತು. ಗುರುವಿನ ಮಂಜುಗಡ್ಡೆ ಯಂತ್ರಗಳ ಸಂಸ್ಥೆಯಲ್ಲಿ ಪ್ಯಾರಿಸ್‌ನಲ್ಲಿಯೂ ಆಮೇಲೆ ಬರ್ಲಿನ್‌ನಲ್ಲಿಯೂ ದುಡಿಯುತ್ತಿದ್ದಾಗ ಆತನ ಬಿಡುವಿನ ವೇಳೆಯೆಲ್ಲ ಇದೇ ಚಿಂತೆಗೆ ಮೀಸಲಾಯಿತು. ಉಗಿಯ ಬದಲು ಅಮೋನಿಯಾ ಬಳಸುವ ಪ್ರಯೋಗ ಮಾಡಿ, ಸ್ಫೋಟಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದ್ದೂ ಉಂಟು.

ಕೊನೆಗೆ ಹೊಳೆದ ಉಪಾಯ ಸರಳವಾಗಿತ್ತು. ಗಾಳಿಯನ್ನು ಅಮುಕಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬೆಚ್ಚಗಾಗುವುದು ಗೊತ್ತು. ಸಿಲಿಂಡರಿನಲ್ಲಿ ಗಾಳಿಯನ್ನು ಅತಿಯಾಗಿ ಅಮುಕಿ, ಆ ಕಾವಿಗೆ ಇಂಧನವನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಅದು ತಾನೇ ಹೊತ್ತಿಕೊಳ್ಳುತ್ತದೆ. 1892ರಲ್ಲಿ ಅರ್ಜಿ ಹಾಕಿ, 1893ರ ಫೆಬ್ರುವರಿಯಲ್ಲಿ ಜರ್ಮನ್ ಪೇಟೆಂಟ್ ಪಡೆದ. ಆ ಹಂತದಲ್ಲಿ ಆತನ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ಕಲ್ಲಿದ್ದಲ ಪುಡಿ. ಘನ, ದ್ರವ, ಅನಿಲ ಯಾವುದಾದರೂ ಆದೀತೆಂಬ ವಿಶಾಲ ಕಲ್ಪನೆ ಅದು. ಸಸ್ಯತೈಲದ ಪ್ರಸ್ತಾಪ ಆಗ ಇರಲಿಲ್ಲ.

ಔಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಹೈನ್ರಿಶ್ ಫಾನ್ ಬುಟ್ಸ್ ಸ್ಥಳ ಕೊಟ್ಟರು, ಕ್ರುಪ್ ಸಂಸ್ಥೆ ಹಣಕ್ಕೆ ಕೈಜೋಡಿಸಿತು. 1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ ನಡೆಯಿತು. ಕಾರ್ಖಾನೆಯ ಬೇರೆ ಯಂತ್ರದ ಬಲದಿಂದ ಚಕ್ರ ತಿರುಗಿಸಿ, ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸಲಾಯಿತು. ಅದು ಹೊತ್ತಿಕೊಂಡ ರಭಸಕ್ಕೆ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಅಮುಕಿದ ಗಾಳಿಯಲ್ಲಿ ಇಂಧನ ತಾನೇ ಹೊತ್ತಿತೆಂಬುದಷ್ಟೇ ಆ ದಿನದ ಗೆಲುವು. ಯಂತ್ರ ಸ್ವಂತ ಬಲದಿಂದ ಓಡಿದ್ದು 1894ರ ಫೆಬ್ರುವರಿ 17ರಂದು, ಅದೂ ಸುಮಾರು ಒಂದು ನಿಮಿಷ ಮಾತ್ರ. ಮತ್ತೆ ಮೂರು ವರ್ಷಗಳ ಬೆವರಿನ ನಂತರ 1897ರ ಫೆಬ್ರುವರಿಯಲ್ಲಿ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಅಧಿಕೃತವಾಗಿ ಅಳೆದಾಗ ಯಂತ್ರದ ದಕ್ಷತೆ ಶೇ. 26.2 ಎಂದು ಸಿದ್ಧವಾಯಿತು. ಅಂದಿನ ಸಾಮಾನ್ಯ ಉಗಿಯಂತ್ರಗಳಿಗೆ ಅದರ ಅರ್ಧವೂ ಎಟುಕುತ್ತಿರಲಿಲ್ಲ. ಯುರೋಪು, ಅಮೆರಿಕದ ಉದ್ಯಮಿಗಳು ಪರವಾನಗಿಗಾಗಿ ಸಾಲು ನಿಂತರು, ರುಡಾಲ್ಫ್ ಲಕ್ಷಾಧೀಶನಾದ.

ಹಾಗಾದರೆ ಕಡಲೆಕಾಯಿ ಎಣ್ಣೆ ಬಂದದ್ದೆಲ್ಲಿಂದ? 1900ರ ಪ್ಯಾರಿಸ್ ಮಹಾ ವಸ್ತುಪ್ರದರ್ಶನದಿಂದ. ಅಲ್ಲಿ ಫ್ರಾನ್ಸಿನ ಓಟೋ ಕಂಪನಿ ತಾನು ತಯಾರಿಸಿದ ಒಂದು ಸಣ್ಣ ಡೀಸೆಲ್ ಯಂತ್ರವನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿತ್ತು. ಸೂಚನೆ ಫ್ರೆಂಚ್ ಸರ್ಕಾರದ್ದು. ಆಫ್ರಿಕದ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿ ಬೆಳೆಯುತ್ತದೆ. ಇದ್ದಿಲು, ಖನಿಜತೈಲವನ್ನು ಹಡಗಿನಲ್ಲಿ ಸಾಗಿಸುವ ಬದಲು ಅಲ್ಲಿಯ ಬೆಳೆಯಿಂದಲೇ ಅಲ್ಲಿಗೆ ಬೇಕಾದ ಶಕ್ತಿ ದೊರೆತೀತೆಂಬ ಲೆಕ್ಕಾಚಾರ. ಖನಿಜತೈಲಕ್ಕೆಂದು ನಿರ್ಮಿಸಿದ ಯಂತ್ರ ಯಾವ ಮಾರ್ಪಾಡೂ ಇಲ್ಲದೆ ಎಷ್ಟು ಸಲೀಸಾಗಿ ನಡೆಯಿತೆಂದರೆ, ನೋಡಿದವರಲ್ಲಿ ವ್ಯತ್ಯಾಸ ಗಮನಿಸಿದವರೇ ವಿರಳ.

ಈ ಸಂಗತಿ ನಮಗೆ ತಿಳಿದಿರುವುದು ಸ್ವತಃ ರುಡಾಲ್ಫ್‌ನಿಂದಲೇ. 1912ರಲ್ಲಿ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಮಂಡಿಸಿದ ಪ್ರಬಂಧದಲ್ಲಿ ಆತ ಇದನ್ನು ಸವಿಸ್ತಾರವಾಗಿ ಹೇಳಿದ. ಪ್ರಯೋಗದ ಕೀರ್ತಿಯನ್ನು ಓಟೋ ಕಂಪನಿಗೆ, ಆಲೋಚನೆಯ ಕೀರ್ತಿಯನ್ನು ಫ್ರೆಂಚ್ ಸರ್ಕಾರಕ್ಕೆ ಒಪ್ಪಿಸಿ, ತಾನು ಆಮೇಲೆ ಪರೀಕ್ಷಿಸಿ ದೃಢಪಡಿಸಿಕೊಂಡೆನೆಂದಷ್ಟೇ ತನ್ನ ಪಾಲನ್ನು ಇಟ್ಟುಕೊಂಡ. ಆತ ಒಪ್ಪಿಸಿಬಿಟ್ಟ ಕೀರ್ತಿಯನ್ನು ಮುಂದಿನವರು ಮತ್ತೆ ಆತನ ತಲೆಗೇ ಕಟ್ಟಿದ್ದು ವಿಪರ್ಯಾಸ. ಸಸ್ಯತೈಲದ ಬಳಕೆ ಸದ್ಯಕ್ಕೆ ನಗಣ್ಯವೆನಿಸಿದರೂ ಮುಂದೊಂದು ಕಾಲಕ್ಕೆ ಪೆಟ್ರೋಲಿಯಂನಷ್ಟೇ ಮಹತ್ವ ಪಡೆಯಬಹುದೆಂಬ ಮುಂಗಾಣ್ಕೆಯೂ ಅದೇ ವರ್ಷದ್ದು. ಅದು ಮಾತ್ರ ನಿಸ್ಸಂಶಯವಾಗಿ ಆತನದೇ.

ಅಂದು ಮಾರ್ಪಾಡಿಲ್ಲದೆ ನಡೆದ ಯಂತ್ರ ಇಂದು ಏಕೆ ತಕರಾರು ಮಾಡುತ್ತದೆ ಎಂಬ ಪ್ರಶ್ನೆ ಸಹಜ. ರುಡಾಲ್ಫ್‌ನ ಕಾಲದ್ದು ಆನೆಗಾತ್ರದ, ನಿಧಾನಗತಿಯ ಯಂತ್ರ. ಇಂಧನವನ್ನು ಅದರೊಳಕ್ಕೆ ಊದುತ್ತಿದ್ದುದು ಅಮುಕಿದ ಗಾಳಿ. ಡೀಸೆಲ್ ಎಂಜಿನ್ ಲಾರಿಗೇರಿದ್ದು 1920ರ ದಶಕದಲ್ಲಿ. ಬಾಷ್ ಕಂಪನಿಯ ಪುಟ್ಟ ಇಂಧನ ಪಂಪು 1927ರಲ್ಲಿ ಮಾರುಕಟ್ಟೆಗೆ ಬಂತು. ಅದರ ಕೂದಲೆಳೆಯ ಸಂದುಗಳೂ ಸೂಕ್ಷ್ಮ ರಂಧ್ರಗಳೂ ತೆಳುವಾದ ಖನಿಜ ಡೀಸೆಲ್ಲಿಗೆ ಹೊಂದುವಂಥವು. ಕಡಲೆಕಾಯಿ ಎಣ್ಣೆಯಾದರೋ ಅದಕ್ಕಿಂತ ಸುಮಾರು ಹತ್ತು ಪಟ್ಟು ಮಂದ. ಹಾಗೆಯೇ ಸುರಿದರೆ ಅದು ನುಣ್ಣಗೆ ಸಿಡಿಯದೆ, ಅರೆಬೆಂದು, ನಳಿಕೆಯ ತುದಿಗೂ ಪಿಸ್ಟನ್ ಬಳೆಗಳಿಗೂ ಮಸಿಯಾಗಿ ಅಂಟುತ್ತದೆ.

ಆದ್ದರಿಂದಲೇ ಕರಿದ ಎಣ್ಣೆಯಲ್ಲಿ ಕಾರು ಓಡಿಸಬಯಸುವವರು ಎರಡು ಟ್ಯಾಂಕುಗಳನ್ನು ಅಳವಡಿಸುತ್ತಾರೆ. ಮೊದಲು ಮಾಮೂಲಿ ಡೀಸೆಲ್ಲಿನಲ್ಲಿ ಎಂಜಿನ್ ಚಾಲೂ ಮಾಡಬೇಕು. ರೇಡಿಯೇಟರಿನ ಬಿಸಿನೀರಿನ ಕೊಳವೆಯನ್ನು ಎರಡನೆಯ ಟ್ಯಾಂಕಿನ ಮೂಲಕ ಹಾಯಿಸಿ ಎಣ್ಣೆಯನ್ನು 70-80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತೆಳ್ಳಗಾಗಿಸಿದ ಮೇಲೆಯೇ ಅದಕ್ಕೆ ಬದಲಿಸಬೇಕು. ನಿಲ್ಲಿಸುವ ಮುನ್ನ ಕೆಲ ನಿಮಿಷ ಮತ್ತೆ ಡೀಸೆಲ್ಲಿಗೆ ಮರಳಬೇಕು. ಇಲ್ಲವಾದರೆ ಕೊಳವೆಗಳಲ್ಲಿ ಉಳಿದ ಎಣ್ಣೆ ತಣ್ಣಗಾಗಿ, ಮರುದಿನ ಬೆಳಗ್ಗೆ ಬಂಡಿ ಅಲುಗುವುದಿಲ್ಲ. ಬೋಂಡ, ಪೂರಿಗಳ ಕರಕಲು ಚೂರನ್ನೂ ನೀರಿನ ಅಂಶವನ್ನೂ ತೆಗೆಯುವ ಕಷ್ಟ ಬೇರೆ. ಹಳೆಯ ಕಾಲದ ಗಟ್ಟಿ ಪಂಪುಗಳು ಇದನ್ನು ತಾಳಿಕೊಂಡಾವು. ಈಚಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಈ ಸಾಹಸಕ್ಕೆ ಇಳಿಯದಿರುವುದೇ ಲೇಸು.

ಇನ್ನೊಂದು ದಾರಿ ಎಂಜಿನ್ನನ್ನು ಬಿಟ್ಟು ಎಣ್ಣೆಯನ್ನೇ ಬದಲಿಸುವುದು. ಎಣ್ಣೆಗೆ ಮದ್ಯಸಾರವನ್ನೂ ಕ್ಷಾರವನ್ನೂ ಬೆರೆಸಿದರೆ ಗ್ಲಿಸರಿನ್ ಬೇರ್ಪಟ್ಟು ತೆಳುವಾದ ಇಂಧನ ಉಳಿಯುತ್ತದೆ. ಅದೇ ಬಯೋಡೀಸೆಲ್. ಬೆಲ್ಜಿಯಂನ ಶವಾನ್ ಎಂಬ ವಿಜ್ಞಾನಿ 1937ರಲ್ಲಿ ಇಂಥ ವಿಧಾನಕ್ಕೆ ಪೇಟೆಂಟ್ ಪಡೆದರು. ಮರುವರ್ಷ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ತಾಳೆ ಎಣ್ಣೆಯಿಂದ ತಯಾರಾದ ಇಂಧನದಲ್ಲಿ ಬಸ್ಸು ಓಡಿತು. ನಮ್ಮಲ್ಲಿ ಹೊಂಗೆ ಎಣ್ಣೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಯೋಗ ನಡೆಸಿತು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಸ್ಥಾಪನೆಯಾಯಿತು. ಕರಿದ ಎಣ್ಣೆ ಮತ್ತೆ ಮತ್ತೆ ಬಾಣಲೆಗೆ ಬೀಳದಂತೆ ತಡೆದು, ಅದನ್ನು ಸಂಗ್ರಹಿಸಿ ಬಯೋಡೀಸೆಲ್ ತಯಾರಕರಿಗೆ ತಲುಪಿಸುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಆರಂಭಿಸಿತು.

ಇಷ್ಟೆಲ್ಲದರ ಮೂಲಪುರುಷನ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಅತಿಯಾದ ದುಡಿಮೆಯಿಂದ 1898ರಲ್ಲಿಯೇ ಆರೋಗ್ಯ ಕುಸಿದಿತ್ತು. ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ, ಭೂವ್ಯವಹಾರದಲ್ಲಿ ಹಣ ಕಳೆದ. ದುಡಿಯುವವರ ಸಹಕಾರದ ಬಗ್ಗೆ 1903ರಲ್ಲಿ ಬರೆದ ಪುಸ್ತಕವನ್ನು ಕೊಳ್ಳುವವರೇ ಇರಲಿಲ್ಲ. ಯಂತ್ರ ನಿಜಕ್ಕೂ ಆತನ ಕಲ್ಪನೆಯದೇ, ಪೇಟೆಂಟಿನಲ್ಲಿ ಬರೆದ ಹಾಗೆ ಅದು ನಡೆಯುತ್ತದೆಯೇ ಎಂದು ಜರ್ಮನಿಯ ವಿದ್ವಾಂಸರು ಕೆದಕತೊಡಗಿದರು. 1912ರ ನವೆಂಬರಿನಲ್ಲಿ ಬರ್ಲಿನ್‌ನಲ್ಲಿ ತನ್ನ ಯಂತ್ರದ ಚರಿತ್ರೆಯನ್ನು ಮಂಡಿಸಿದಾಗ ಸಭೆಯಲ್ಲಿಯೇ ಟೀಕೆ ಎದುರಿಸಬೇಕಾಯಿತು. ಸೆಲಾಂಡಿಯಾ ಎಂಬ ಡೀಸೆಲ್ ಹಡಗು ಸಾಗರ ದಾಟಿ ಲೋಕವೇ ಬೆರಗಾದ ವರ್ಷವೂ ಅದೇ.

1913ರ ಸೆಪ್ಟೆಂಬರ್ 29ರ ಸಂಜೆ ಆತ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿದ. ಇಂಗ್ಲೆಂಡಿನ ಇಪ್ಸ್‌ವಿಚ್‌ನ ಹೊಸ ಕಾರ್ಖಾನೆಯ ಕಾರ್ಯಕ್ರಮಕ್ಕೆ ಹೊರಟಿದ್ದ. ಸಂಗಡಿಗರಿಬ್ಬರೊಡನೆ ಊಟ ಮುಗಿಸಿ, ಬೆಳಗ್ಗೆ 6.15ಕ್ಕೆ ಎಬ್ಬಿಸುವಂತೆ ಹೇಳಿ ಕೋಣೆಗೆ ತೆರಳಿದ. ಮುಂಜಾನೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಹಡಗಿನ ಮೇಲಟ್ಟದಲ್ಲಿ ಟೋಪಿಯೂ ಮಡಿಸಿಟ್ಟ ಮೇಲಂಗಿಯೂ ಸಿಕ್ಕವು. ದಿನಚರಿಯಲ್ಲಿ ಆ ದಿನಾಂಕಕ್ಕೆ ಶಿಲುಬೆಯ ಗುರುತೊಂದಿತ್ತು. ಸಾಲಗಳು ಆಸ್ತಿಯನ್ನು ಮೀರಿದ್ದವೆಂಬುದು ಸಾವಿನ ನಂತರ ಬಯಲಾಯಿತು. ತೈಲ ಕಂಪನಿಗಳು ಕೊಲ್ಲಿಸಿದವು, ಜರ್ಮನ್ ಗೂಢಚಾರರು ಮುಗಿಸಿದರು ಎಂಬ ಕಥೆಗಳಿಗೆ ಈವರೆಗೆ ಪುರಾವೆ ಒದಗಿಲ್ಲ.

ಸುಮಾರು ಹತ್ತು ದಿನಗಳ ನಂತರ ಡಚ್ ದೋಣಿಯೊಂದರವರಿಗೆ ಸಮುದ್ರದಲ್ಲಿ ಶವ ಕಂಡಿತು. ಕೊಳೆತಿದ್ದ ದೇಹವನ್ನು ಮೇಲೆತ್ತದೆ ಜೇಬಿನಲ್ಲಿದ್ದ ವಸ್ತುಗಳನ್ನಷ್ಟೇ ತಂದರು: ಮಾತ್ರೆಯ ಡಬ್ಬಿ, ಹಣದ ಚೀಲ, ಪುಟ್ಟ ಚಾಕು, ಕನ್ನಡಕದ ಪೆಟ್ಟಿಗೆ. ಅಕ್ಟೋಬರ್ 13ರಂದು ಕಿರಿಯ ಮಗ ಓಯ್ಗನ್ ಅವು ತಂದೆಯವೇ ಎಂದು ಗುರುತಿಸಿದ.