ಸೋಲುಗಳನ್ನು ಎಣಿಸಿದ ಶಸ್ತ್ರವೈದ್ಯ

ಮಧುಗಿರಿ, ಶಿರಾ, ಕೊರಟಗೆರೆ ಅಥವಾ ಪಾವಗಡದಿಂದ ಗುದನಾಳದ ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ದಾರಿ ಹಿಡಿಯುವ ರೋಗಿಯನ್ನು ರೋಗದಷ್ಟೇ ಕಾಡುವ ಇನ್ನೊಂದು ಭಯವಿದೆ. ಗುದದ್ವಾರ ಮುಚ್ಚಿ, ಹೊಟ್ಟೆಯ ಮೇಲೆ ಜೀವನಪರ್ಯಂತ ಮಲದ ಚೀಲ ಕಟ್ಟಿಬಿಟ್ಟರೆ ಗತಿಯೇನು? ಆ ಚೀಲವನ್ನು ಅನಿವಾರ್ಯವಾಗಿಸಿದ ಶಸ್ತ್ರಕ್ರಿಯೆಗೆ ಇಂದಿಗೂ ಲಂಡನ್ನಿನ ವೈದ್ಯ ವಿಲಿಯಂ ಅರ್ನೆಸ್ಟ್ ಮೈಲ್ಸ್‌ನ ಹೆಸರಿದೆ. ಆತನನ್ನು ನಿರ್ದಯಿ ಎಂದುಕೊಳ್ಳುವುದು ಸುಲಭ. ಆತನ ಲೆಕ್ಕ ನೋಡಿದವರಿಗೆ ಹಾಗೆನ್ನಿಸದು.

1869ರಲ್ಲಿ ಟ್ರಿನಿಡಾಡಿನಲ್ಲಿ ಜನಿಸಿದ ಮೈಲ್ಸ್, ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತು, ಗುದರೋಗಗಳಿಗೇ ಮೀಸಲಾಗಿದ್ದ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಪಳಗಿದ. ಹೊಟ್ಟೆ ತೆರೆಯುವುದೆಂದರೆ ಸಾವನ್ನು ಆಹ್ವಾನಿಸಿದಂತೆ ಎಂದಿದ್ದ ಕಾಲವದು. ಕೆಳಗಿನಿಂದಲೇ ಕೈಗೆಟುಕಿದಷ್ಟು ಗೆಡ್ಡೆಯನ್ನು ಕತ್ತರಿಸುವುದು ವಾಡಿಕೆಯಾಗಿತ್ತು. ಗಾಯ ಮಾಯ್ದು ರೋಗಿ ಮನೆಗೆ ನಡೆದರೆ ವೈದ್ಯನ ಪಾಲಿಗೆ ಅದು ಗೆಲುವು.

ಮೈಲ್ಸ್ ಮಾತ್ರ ಮನೆಗೆ ಹೋದವರ ಗತಿಯನ್ನು ಹಿಂಬಾಲಿಸಿದ. 1899ರಿಂದ 1906ರವರೆಗೆ ಆತ ಅದೇ ವಿಧಾನದಲ್ಲಿ 57 ಮಂದಿಗೆ ಶಸ್ತ್ರಕ್ರಿಯೆ ಮಾಡಿದ್ದ. ಅವರಲ್ಲಿ 54 ಮಂದಿಗೆ ರೋಗ ಮರುಕಳಿಸಿತ್ತು, ಅದೂ ಮೂರು ವರ್ಷಗಳೊಳಗೆ. ತನ್ನ ಕೈಚಳಕದ ಬಗ್ಗೆ ಹೆಮ್ಮೆಯಿದ್ದ ಯಾವ ವೈದ್ಯನೂ ಬಹಿರಂಗಪಡಿಸಲು ಹಿಂಜರಿಯುವ ಅಂಕಿ ಇದು. ಮೈಲ್ಸ್ ಅದನ್ನು ಪ್ರಕಟಿಸಿದ. ಮೃತರ ಶವಪರೀಕ್ಷೆಗಳಲ್ಲಿ ಕಾರಣವನ್ನೂ ಹುಡುಕಿದ. ರೋಗ ದುಗ್ಧನಾಳಗಳ ಮೂಲಕ ಮೇಲ್ಮುಖವಾಗಿ, ಕೆಳಗಿನಿಂದ ಚಾಚಿದ ಕೈಗೆ ಎಂದೂ ಸಿಗದ ಗ್ರಂಥಿಗಳಿಗೆ ಹರಡಿರುತ್ತಿತ್ತು.

ಹಾಗಾಗಿ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಇಡೀ ಗುದನಾಳವನ್ನು ಸುತ್ತಲಿನ ಅಂಗಾಂಶದೊಡನೆ ತೆಗೆಯುವ ವಿಧಾನವನ್ನು ರೂಪಿಸಿ, 1908ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿವರಿಸಿದ. ಮೊದಲ 12 ರೋಗಿಗಳಲ್ಲಿ ಐವರು ಶಸ್ತ್ರಕ್ರಿಯೆಯಿಂದಲೇ ಸತ್ತರು. ಈ ಬೆಲೆ ಸಮರ್ಥನೀಯವೇ? ಹಳೆಯ ದಾರಿಯಲ್ಲಿ ಸಾವು ನಿಧಾನವಾಗಿ ಬರುತ್ತಿತ್ತು ಎಂಬುದನ್ನು ಮರೆತು ಉತ್ತರಿಸಲಾಗದು. 1920ರ ದಶಕದ ವೇಳೆಗೆ ಮೈಲ್ಸ್‌ನ ರೋಗಿಗಳಲ್ಲಿ ಮರುಕಳಿಕೆ ಶೇ 30ರ ಆಸುಪಾಸಿಗೆ ಇಳಿದಿತ್ತು.

ಆತನ ಎಲ್ಲ ಊಹೆಗಳೂ ನಿಲ್ಲಲಿಲ್ಲ. ರೋಗ ಕೆಳಮುಖವಾಗಿಯೂ ಹರಡುತ್ತದೆಂದು ನಂಬಿ ಗುದದ್ವಾರವನ್ನೂ ತೆಗೆಯುತ್ತಿದ್ದ. ಅಂಥ ಹರಡುವಿಕೆ ವಿರಳವೆಂದು ನಂತರದ ಅಧ್ಯಯನಗಳು ತೋರಿಸಿದವು. 1947ರಲ್ಲಿ ಮೈಲ್ಸ್ ತೀರಿಕೊಂಡ. ಮರುವರ್ಷವೇ ಅಮೆರಿಕದ ಕ್ಲಾಡ್ ಡಿಕ್ಸನ್, ಕರುಳನ್ನು ಮರುಜೋಡಿಸಿ ಗುದದ್ವಾರ ಉಳಿಸಿದ 400 ರೋಗಿಗಳ ಫಲಿತಾಂಶ ಮುಂದಿಟ್ಟ. 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್, ಗುದನಾಳವನ್ನು ಆವರಿಸಿದ ಕೊಬ್ಬಿನ ಹೊದಿಕೆಯನ್ನು ಹರಿಯದಂತೆ ಇಡಿಯಾಗಿ ಬಿಡಿಸುವ ಕ್ರಮವನ್ನು ಪ್ರತಿಪಾದಿಸಿದರು. ತೆರೆದ ಶಸ್ತ್ರಕ್ರಿಯೆ ಮತ್ತು ಲ್ಯಾಪರೊಸ್ಕೋಪಿಯನ್ನು ಹೋಲಿಸಿದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೊಂದರ 2015ರ ವರದಿಯಲ್ಲಿ, ಮೂರು ವರ್ಷಗಳ ಸ್ಥಳೀಯ ಮರುಕಳಿಕೆ ಎರಡರಲ್ಲೂ ಶೇ 5 ಇತ್ತು. ಗೆಡ್ಡೆ ಗುದದ್ವಾರಕ್ಕೆ ತೀರಾ ಹತ್ತಿರವಿದ್ದಾಗ ಮಾತ್ರ ಮೈಲ್ಸ್‌ನ ವಿಧಾನಕ್ಕೆ ಇಂದಿಗೂ ಮೊರೆಹೋಗಬೇಕು.

ಈ ಅಂಕಿಗಳೆಲ್ಲ ಹುಟ್ಟಿದ್ದು ಶಸ್ತ್ರಕ್ರಿಯೆಯ ನಂತರವೂ ವರ್ಷಗಟ್ಟಲೆ ತಪಾಸಣೆಗೆ ಬಂದ ರೋಗಿಗಳಿಂದ. ಮರುಕಳಿಕೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿಯೇ ಆಗುವುದರಿಂದ ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಆಗಾಗ ಸ್ಕ್ಯಾನ್ ಬೇಕು. ಪಾವಗಡದ ಕೂಲಿಕಾರನಿಗೆ ಅಂಥ ಒಂದೊಂದು ತಪಾಸಣೆಯೂ ಕೂಲಿ ಬಿಟ್ಟ ದಿನಗಳು, ಜೊತೆಗೆ ಬರುವವರ ಬಸ್ ಖರ್ಚು. ನೋವಿಲ್ಲದಾಗ ಆತ ಬರುವುದನ್ನು ನಿಲ್ಲಿಸಿದರೆ ಆಸ್ಪತ್ರೆಯ ದಾಖಲೆ ಅಲ್ಲಿಗೇ ನಿಲ್ಲುತ್ತದೆ.