ಫೋನಿನ ಸಂದಣಿ ಅಳೆದ ಮಾಸ್ತರರ ಮಗ: ಎ.ಕೆ. ಎರ್ಲಾಂಗ್



ನಮ್ಮ ಗೋಡೆ ಪತ್ರಿಕೆಯಲ್ಲಿ ಗಾಂಧೀಜಿ, ವಿಶ್ವೇಶ್ವರಯ್ಯ, ಸಿ.ವಿ. ರಾಮನ್ ಅವರ ಜೀವನ ಓದುವುದು ರೂಢಿ. ಈ ಸಲ ನಾನು ಆಗ್ನರ್ ಕ್ರಾರುಪ್ ಎರ್ಲಾಂಗ್ ಅವರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹೊಸದು ಅನಿಸಬಹುದು. ಆದರೆ ಜಗತ್ತಿನ ಯಾವ ದೂರವಾಣಿ ಇಂಜಿನಿಯರನ್ನು ಕೇಳಿದರೂ ಈ ಹೆಸರು ಗೊತ್ತು ಅಂತಾನೆ. ಫೋನ್ ಹಚ್ಚಿದಾಗ ಎಲ್ಲಾ ಲೈನು ಬ್ಯುಸಿ ಅಂತ ಬರುತ್ತದಲ್ಲ, ಆ ತೊಂದರೆಗೆ ಮೊದಲು ಸರಿಯಾದ ಲೆಕ್ಕ ಹಾಕಿದವರು ಇವರೇ.

ಎರ್ಲಾಂಗ್ ಅವರು 1878ನೇ ಇಸವಿ ಜನವರಿ 1ರಂದು ಡೆನ್ಮಾರ್ಕ್ ದೇಶದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಅದೇ ಹಳ್ಳಿ ಶಾಲೆಯ ಮಾಸ್ತರರು. ಮನೆಯಲ್ಲಿ ಬಡತನ. ಸಂಜೆ ಅಣ್ಣ ಪುಸ್ತಕ ತೆರೆದು ಓದಲು ಕುಂತರೆ ಈ ಹುಡುಗ ಮೇಜಿನ ಆಚೆ ಬದಿಗೆ ಕುಂತು ಅದೇ ಪುಸ್ತಕವನ್ನು ತಲೆಕೆಳಗಾಗಿ ಓದುತ್ತಿದ್ದನಂತೆ! ಖಗೋಳಶಾಸ್ತ್ರ ಅಂದರೆ ಬಹಳ ಪ್ರೀತಿ, ಅದರ ಮೇಲೆ ಕವಿತೆ ಸಹ ಬರೆಯುತ್ತಿದ್ದ. 14ನೇ ವಯಸ್ಸಿಗೇ ಕೋಪನ್‌ಹೇಗನ್ನಿನಲ್ಲಿ ದೊಡ್ಡ ಪರೀಕ್ಷೆ ಕಟ್ಟಿದ. ವಯಸ್ಸು ಕಡಿಮೆ ಅಂತ ವಿಶೇಷ ಅನುಮತಿ ತೆಗೆದುಕೊಳ್ಳಬೇಕಾಯಿತು. ಪಾಸಾಗಿ ಬಂದು ಎರಡು ವರ್ಷ ತಂದೆಯ ಶಾಲೆಯಲ್ಲೇ ಪಾಠ ಹೇಳಿದ. 1896ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದದ್ದರಿಂದ ಊಟ, ವಸತಿ ಪುಕ್ಕಟೆ ಸಿಕ್ಕಿತು. ಅದಿಲ್ಲದಿದ್ದರೆ ಮುಂದೆ ಓದುವುದು ಕಷ್ಟವೇ ಇತ್ತು. 1901ರಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿ ಮುಂದೆ ಏಳು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದರು.

ಗಣಿತಜ್ಞರ ಸಂಘದ ಸಭೆಗಳಿಗೆ ಹೋಗುವಾಗ ಅವರಿಗೆ ಯೆನ್ಸೆನ್ ಎಂಬುವವರ ಪರಿಚಯವಾಯಿತು. ಯೆನ್ಸೆನ್ ಅವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಇಂಜಿನಿಯರು, ಬಿಡುವಿನಲ್ಲಿ ಗಣಿತ ಮಾಡುವವರು. ಅವರ ಮೂಲಕ 1908ರಲ್ಲಿ ಎರ್ಲಾಂಗ್ ಆ ಕಂಪನಿ ಸೇರಿದರು.

ಕಂಪನಿಗೆ ಗಣಿತದವರು ಯಾಕೆ ಬೇಕಾಯಿತು? ಇಲ್ಲಿ ಸ್ವಲ್ಪ ನಿಧಾನವಾಗಿ ಓದ್ರಿ. ಒಂದು ಊರಲ್ಲಿ 100 ಮನೆಗೆ ಫೋನ್ ಇದೆ ಅಂತ ಇಟ್ಟುಕೊಳ್ಳಿ. ಪ್ರತಿ ಮನೆಯಿಂದ ಪ್ರತಿ ಮನೆಗೆ ಬೇರೆ ಬೇರೆ ತಂತಿ ಎಳೆದರೆ ಎಷ್ಟು ತಂತಿ? 100 ಗುಣಿಸು 99, ಭಾಗಿಸು 2, ಅಂದರೆ 4,950! ಹೀಗೆ ಆರಿಸಿ ಎಣಿಸುವುದಕ್ಕೆ ಸಾಮಾನ್ಯ ನಿಯಮವನ್ನು ಸುಮಾರು 850ನೇ ಇಸವಿಯಲ್ಲೇ ಗಣಿತಸಾರಸಂಗ್ರಹದಲ್ಲಿ ಕೊಟ್ಟವರು ಮಹಾವೀರಾಚಾರ್ಯರು. ಅವರು ಅಮೋಘವರ್ಷ ನೃಪತುಂಗನ ಕಾಲದವರು. ಆ ರಾಜನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಅಷ್ಟು ತಂತಿ ಎಳೆಯಲು ಆಗದು ಅಂತಲೇ ನಡುವೆ ಎಕ್ಸ್‌ಚೇಂಜ್ ಇಡುತ್ತಾರೆ. ಮನೆಗಳೆಲ್ಲ ಚುಕ್ಕೆ, ತಂತಿಗಳೆಲ್ಲ ಗೆರೆ, ರಂಗೋಲಿ ಹಾಗೆ. ಈ ಚುಕ್ಕೆ-ಗೆರೆಯ ಗಣಿತಕ್ಕೆ ಗ್ರಾಫ್ ಸಿದ್ಧಾಂತ ಅನ್ನುತ್ತಾರೆ, 1736ರಲ್ಲಿ ಏಳು ಸೇತುವೆಗಳ ಲೆಕ್ಕದಿಂದ ಆಯ್ಲರ್ ಅದನ್ನು ಶುರು ಮಾಡಿದರು. ಮನ್ನಾಏಖೇಳ್ಳಿಯಿಂದ ಹುಮನಾಬಾದಿಗೆ ಗೆರೆ ಉಂಟೋ ಇಲ್ಲವೋ, ಅದು ತುಂಬಿದರೆ ಬೀದರ್ ಸುತ್ತಿ ಹೋಗಬಹುದೋ ಅಂತ ಆ ಚಿತ್ರ ಹೇಳುತ್ತದೆ. ಆದರೆ ಒಂದೊಂದು ಗೆರೆಯಲ್ಲಿ ಎಷ್ಟು ಲೈನು ಹಾಕಬೇಕು? ಅದನ್ನು ಚಿತ್ರ ಹೇಳೋದಿಲ್ಲ. ಹೆಚ್ಚು ಹಾಕಿದರೆ ತಾಮ್ರದ ಖರ್ಚು. ಕಡಿಮೆ ಹಾಕಿದರೆ ರಾತ್ರಿ ಡಾಕ್ಟರಿಗೆ ಫೋನ್ ಮಾಡುವವನಿಗೆ ಲೈನೇ ಸಿಗೋದಿಲ್ಲ. ಎರ್ಲಾಂಗ್ ಉತ್ತರ ಹುಡುಕಿದ್ದು ಇದಕ್ಕೇ.

ಉದಾಹರಣೆ ನೋಡ್ರಿ. ಒಂದು ಊರಿನಿಂದ ಹೊರಗೆ ತಾಸಿಗೆ ಸರಾಸರಿ 60 ಕರೆ, ಒಂದೊಂದು ಕರೆ ಸರಾಸರಿ 3 ನಿಮಿಷ. ಒಟ್ಟು 180 ನಿಮಿಷ, ಅಂದರೆ 3 ತಾಸಿನ ಮಾತು. ಹಾಗಾದರೆ 3 ಲೈನು ಸಾಕು ಅಂತ ಯಾರಾದರೂ ಅನ್ನುತ್ತಾರೆ. ಸಾಲೋದಿಲ್ಲ! ಜನ ಪಾಳಿ ಹಚ್ಚಿ ಫೋನ್ ಮಾಡುವುದಿಲ್ಲವಲ್ಲ. ಒಮ್ಮೆ ಐದಾರು ಮಂದಿ ಕೂಡಿ ಬರುತ್ತಾರೆ, ಒಮ್ಮೆ ಯಾರೂ ಇರೋದಿಲ್ಲ. ಖಾಲಿ ಹೋದ ನಿಮಿಷವನ್ನು ಎತ್ತಿಟ್ಟು ಆಮೇಲೆ ಬಳಸಲು ಬರುವುದಿಲ್ಲ. ಎರ್ಲಾಂಗ್ ಸೂತ್ರದ ಪ್ರಕಾರ 3 ಲೈನು ಇದ್ದರೆ ನೂರಕ್ಕೆ ಸುಮಾರು 35 ಕರೆ ವಾಪಸ್. 6 ಲೈನಿಗೆ ಸುಮಾರು 5 ಕರೆ. 8 ಹಾಕಿದರೆ ಮಾತ್ರ ಒಂದಕ್ಕಿಂತ ಕಡಿಮೆ. ಸರಾಸರಿಯನ್ನು ನಂಬಿ ಲೈನು ಹಾಕಿದರೆ ಎಷ್ಟು ಜನರಿಗೆ ತೊಂದರೆ ಅಂತ ಇದರಿಂದ ತಿಳಿಯುತ್ತದೆ.

ಕರೆಗಳು ಯಾವ ನಿಯಮದಂತೆ ಬರುತ್ತವೆ ಎಂಬ ಲೇಖನ 1909ರಲ್ಲಿ ಬಂತು. ಮೇಲಿನ ಸೂತ್ರ 1917ರದು. ವಾಪಸ್ ಕಳಿಸದೆ ಸಾಲಿನಲ್ಲಿ ನಿಲ್ಲಿಸಿದರೆ ಎಷ್ಟು ಹೊತ್ತು ಕಾಯಬೇಕು ಅನ್ನುವುದಕ್ಕೂ ಅದರಲ್ಲೇ ಸೂತ್ರ ಇದೆ. ಬ್ರಿಟಿಷ್ ಅಂಚೆ ಇಲಾಖೆ ಅವರ ಸೂತ್ರ ಒಪ್ಪಿ ಬಳಸಿತು. ಅಮೆರಿಕದ ಬೆಲ್ ಪ್ರಯೋಗಾಲಯದ ಒಬ್ಬರು ಇವರ ಬರಹ ಮೂಲದಲ್ಲೇ ಓದಬೇಕೆಂದು ಡೇನಿಷ್ ಭಾಷೆ ಕಲಿತರಂತೆ. ಸಣ್ಣ ಭಾಷೆ ಅಂತ ಯಾರೂ ತಾತ್ಸಾರ ಮಾಡಲಿಲ್ಲ ನೋಡ್ರಿ.

ಎರ್ಲಾಂಗ್ ಬರೀ ಕಾಗದದ ಪಂಡಿತರಲ್ಲ. ಕೇಬಲ್ಲು ಪರೀಕ್ಷಿಸಲು ಕೋಪನ್‌ಹೇಗನ್ ಬೀದಿಗಳಲ್ಲಿ ಓಡಾಡಿ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದರು, ಹಿಂದೆ ಏಣಿ ಹೊತ್ತ ಒಬ್ಬ ಕೂಲಿಯವನು. ಮದುವೆಯಾಗಲಿಲ್ಲ. ಸಂಕೋಚದ ಸ್ವಭಾವ. ಸಂಬಳ ಬಹಳಷ್ಟು ಪುಸ್ತಕಕ್ಕೆ ಹೋಗುತ್ತಿತ್ತು. ಕಷ್ಟದಲ್ಲಿದ್ದವರು ಕಚೇರಿಗೇ ಬಂದು ಕೇಳುತ್ತಿದ್ದರು, ಇವರು ಸದ್ದಿಲ್ಲದೆ ಕೈಗೆ ಹಣ ಇಡುತ್ತಿದ್ದರು. ಹೆಚ್ಚುಕಡಿಮೆ ಇಪ್ಪತ್ತು ವರ್ಷ ಒಂದು ದಿನವೂ ಕಾಯಿಲೆ ರಜೆ ಹಾಕಲಿಲ್ಲವಂತೆ. ಕಡೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದರು. 1929ರ ಫೆಬ್ರವರಿ 3ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ಅಂತರರಾಷ್ಟ್ರೀಯ ದೂರವಾಣಿ ಸಮಿತಿ ಫೋನ್ ಸಂದಣಿಯ ಅಳತೆಗೆ ಅವರ ಹೆಸರನ್ನೇ ಇಟ್ಟಿತು. ಒಂದು ಲೈನು ಒಂದು ತಾಸು ಪೂರ್ತಿ ಮಾತಿನಲ್ಲಿದ್ದರೆ ಒಂದು ಎರ್ಲಾಂಗ್. ಮೇಲಿನ ಊರಿನದು 3 ಎರ್ಲಾಂಗ್.

ನಮ್ಮ ರಾಜ್ಯದ ಮಾತಿಗೆ ಬಂದರೆ, ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ಮಾಡಿದ 128 ಪೋರ್ಟಿನ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ ಬಂತು. ಧೂಳು, ಬಿಸಿಲು ತಡೆಯುವ, ಎ.ಸಿ. ಬೇಡದ ಯಂತ್ರ ಅದು. ಇಂಥ ಎಕ್ಸ್‌ಚೇಂಜಿನಿಂದ ಹೊರಗೆ ಎಷ್ಟು ಲೈನು ಬೇಕು ಅಂತ ಇಂಜಿನಿಯರುಗಳು ನೋಡುವುದು ಎರ್ಲಾಂಗ್ ಲೆಕ್ಕದಿಂದಲೇ. ಈಗಿನ ಮೊಬೈಲಿನಲ್ಲಿ ಮಾತು, ಚಿತ್ರ ಎಲ್ಲಾ ತುಂಡು ತುಂಡಾಗಿ ಹೋಗುತ್ತವೆ, ದಾರಿ ತುಂಬಿದರೆ ಸಾಲಿನಲ್ಲಿ ಕಾಯುತ್ತವೆ. ಎಸ್.ಎಸ್.ಎಲ್.ಸಿ. ರಿಸಲ್ಟ್ ದಿನ ಫೋನು ಗರಗರ ತಿರುಗುತ್ತಾ ಕೂಡುವುದು ಹೀಗೇ.

ಸೂತ್ರ ಮಾಡುವುದು ಕಷ್ಟವಿಲ್ಲ. 1ರಿಂದ ಶುರು ಮಾಡಿ. ಹಿಂದಿನ ಉತ್ತರವನ್ನು ಎರ್ಲಾಂಗಿನಿಂದ ಗುಣಿಸಿ. ಬಂದದ್ದನ್ನು, ಅದಕ್ಕೆ ಲೈನಿನ ಸಂಖ್ಯೆ ಕೂಡಿಸಿ, ಭಾಗಿಸಿ. 3 ಎರ್ಲಾಂಗಿಗೆ ಒಂದು ಲೈನಾದರೆ 3 ಭಾಗಿಸು 4, ಅಂದರೆ 0.75. ನಾಲ್ಕರಲ್ಲಿ ಮೂರು ಕರೆ ವಾಪಸ್! ಎರಡನೇ ಲೈನಿಗೆ 2.25 ಭಾಗಿಸು 4.25. ಹೀಗೇ ಮುಂದೆ.

ಈಗ ನಿಮಗೊಂದು ಲೆಕ್ಕ. ಇಂಥ ಎರಡು ಊರಿಗೆ ಬೇರೆ ಬೇರೆ 8 ಲೈನು ಹಾಕಿದರೆ ಒಟ್ಟು 16. ಎರಡನ್ನೂ ಒಂದೇ ಎಕ್ಸ್‌ಚೇಂಜಿಗೆ ಸೇರಿಸಿದರೆ 6 ಎರ್ಲಾಂಗ್. ಆಗ 13 ಲೈನೇ ಸಾಕು, ವಾಪಸ್ ಹೋಗುವ ಕರೆ ನೂರಕ್ಕೆ ಒಂದಕ್ಕಿಂತ ಕಡಿಮೆಯೇ. ಹೌದೋ ಅಲ್ಲವೋ ಮಾಡಿ ನೋಡಿ, ಹಾಳೆಯನ್ನು ಶನಿವಾರದೊಳಗೆ ನನಗೆ ತಂದು ತೋರಿಸ್ರಿ.